ಬಂಡಿ ಹಾಡಿನ ದಂಡ

ನಳಿನಕ್ಕಾ,

ಇದನ್ನು ಕಾಗದದ ಮೇಲೆ ಬರೆಯುತ್ತಿದ್ದೇನೆ. ನಿನ್ನ ಇ-ಮೇಲಿಗೆ ಬರೆಯೋಣವೆಂದರೆ ಅದನ್ನು ಈಗ ನಿನ್ನ ಅಪ್ಪ ತೆರೆದು ಓದುತ್ತಾರೆ. ನಿನಗೆ ಗೊತ್ತಿಲ್ಲದ ಸುದ್ದಿಗಳಲ್ಲಿ ಇದು ಮೊದಲನೆಯದು. ಉಳಿದದ್ದನ್ನು ಹೇಳುವುದಕ್ಕೆ ನನಗೆ ಎಷ್ಟು ನಾಚಿಕೆಯಾಗುತ್ತಿದೆ ಎಂದರೆ, ಎದುರಿಗೆ ನೀನು ಇದ್ದಿದ್ದರೆ ಖಂಡಿತ ಹೇಳುತ್ತಿರಲಿಲ್ಲ. ಆದರೆ ನೀನಲ್ಲದೆ ಇನ್ಯಾರ ಹತ್ತಿರ ಹೇಳಿಕೊಳ್ಳಲಿ?

ನಿನ್ನ ಮೊದಲನೆಯ ಮೇಲ್ ಬಂದದ್ದು ಹಲಸೂರಿನ ನಮ್ಮ ಬೀದಿಯ ಸೈಬರ್ ಕೆಫೆಯಲ್ಲಿ ಕೂತಿದ್ದಾಗ. ಆಗಷ್ಟೇ ನಿಮ್ಮ ಹಾಡಿನ ಗುಂಪಿಗೆ ಸೇರಿದ್ದೆ. ದಿನಕ್ಕೊಬ್ಬ ಸಂಗೀತಗಾರರ ಹುಟ್ಟುಹಬ್ಬ, ಅವರದೊಂದು ಹಾಡು, ಅದು ಯಾರಿಗೆ ಯಾಕೆ ಇಷ್ಟ ಅನ್ನುವ ಹರಟೆ, ಇಷ್ಟೇ ಗುಂಪಿನ ಕೆಲಸ. ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತಿದ್ದೆವು. ನಾನು ಅಳುಕುತ್ತಲೇ ಒಬ್ಬ ಹಳೆಯ ಗಾಯಕಿಯನ್ನು ಹೊಗಳಿ ನಾಲ್ಕು ಸಾಲು ಬರೆದೆ. ನೀನು ತಕ್ಷಣ ಕೇಳಿದೆ: "ಗಾಯಕಿ ಸರಿ ಕಣೇ, ಎರಡನೇ ಚರಣಕ್ಕೆ ಮುಂಚೆ ಕೊಳಲು ನುಡಿಸ್ದೋನು ಯಾರು? ಅವನೂ ಒಂದಿನ ಹುಟ್ಟಿದ್ದ ತಾನೇ?" ನನಗೆ ಕೋಪವೇ ಬಂದಿತ್ತು. ಮನೆಗೆ ಹೋಗಿ ಕ್ಯಾಸೆಟ್ ಹಾಕಿ ಕೇಳಿದೆ. ಅಷ್ಟು ವರ್ಷ ಆ ಹಾಡು ಕೇಳಿದ್ದೇನೆ, ಕೊಳಲು ಇದೆ ಎಂದೇ ಗೊತ್ತಿರಲಿಲ್ಲ.

ಆ ಕೊಳಲಿನವರಿಗೆ, ಢೋಲಕ್ಕಿನವರಿಗೆ, ಕೋರಸ್ಸಿನಲ್ಲಿ ಲಾಲಾ ಎನ್ನುವ ಹುಡುಗಿಯರಿಗೆ, ಹೀಗೆ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲದವರಿಗೆಲ್ಲ ನೀನು ಫೆಬ್ರವರಿ ಇಪ್ಪತ್ತೊಂಬತ್ತನ್ನು ಕೊಟ್ಟುಬಿಟ್ಟಿದ್ದೆ. "ಪಾಪ, ನಾಲ್ಕು ವರ್ಷಕ್ಕೊಂದ್ಸಲನಾದ್ರೂ ನೆನೆಸ್ಕೊಳ್ಳೋಣ" ಎಂದು ನಿನ್ನ ವಾದ. ಕಳೆದ ವರ್ಷ ಆ ದಿನ ಭಾನುವಾರ ಬಂದಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಹೆಸರಿಲ್ಲದವರ ಹಾಡುಗಳು ಓಡಾಡಿದವು. ಶಿವಾಜಿನಗರದ ಅನ್ವರ್ ಒಬ್ಬನೇ ಎಷ್ಟು ಕಳಿಸಿದ ನೆನಪಿದೆಯಾ? ಪೆಟ್ಟಿ ಅಂಗಡಿಯಷ್ಟಗಲದ ಅವನ ರೇಡಿಯೋ ರಿಪೇರಿ ಅಂಗಡಿಗೆ ಆ ದಿನ ಬಂದ ಗಿರಾಕಿಗಳನ್ನೆಲ್ಲ ವಾಪಸ್ ಕಳಿಸಿದನಂತೆ.

ಒಂದು ಸಲ ಭೇಟಿಯಾಗೋಣ ಎಂದು ನಾನೇ ಕೇಳಿದ್ದೆ. ಮಾರತ್ತಹಳ್ಳಿಯ ಬಟ್ಟೆ ಮಳಿಗೆಯಲ್ಲಿ ಬಿಲ್ಲು ಹಾಕುವ ಕೆಲಸ ಸಿಕ್ಕಿತ್ತು, ಬಸ್ಸು ದಿನವೂ ನಿಮ್ಮ ವಿಮಾನಪುರದ ಸ್ಟಾಪಿನಲ್ಲಿ ನಿಲ್ಲುತ್ತಿತ್ತು. ಇಳಿದು ನಾಲ್ಕು ಹೆಜ್ಜೆ ಹಾಕಿದ್ದರೆ ನಿನ್ನ ಮನೆ. ನೀನು ಬೇಡವೆಂದೆ. "ಭೇಟಿ ಆದ್ರೆ ಸೀರೆ, ಸಂಬಂಧ, ಅಡುಗೆ ಅಂತ ಶುರುವಾಗುತ್ತೆ ವಿಜಿ. ಹಾಡು ಹೊರಗೆ ನಿಂತ್ಕೊಳ್ಳುತ್ತೆ." ಅದರ ಬದಲು ನಿನ್ನ ಫೋನ್ ನಂಬರ್ ಕೊಟ್ಟೆ. ಮಾತಿನ ಮಧ್ಯೆ ನಿಮ್ಮ ಮನೆಯ ಮೇಲೆ ವಿಮಾನ ಬಂದಾಗ ನೀನು "ತಾಳು" ಎಂದು ಸುಮ್ಮನಾಗುತ್ತಿದ್ದೆ. ಅದು ಹೋದ ಮೇಲೆ, ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಿದ್ದೆ. ಮದುವೆ ಕರೆಯೋಲೆ ಟೈಪ್ ಮಾಡುವ ನಿನ್ನ ಕೆಲಸ, ಮನೆಯಲ್ಲೇ ಕಂಪ್ಯೂಟರ್, ಅದರಲ್ಲಿ ಒಂದು ಕಡೆ ಯಾರದೋ ಮಾಂಗಲ್ಯಧಾರಣೆ ಮುಹೂರ್ತ, ಇನ್ನೊಂದು ಕಡೆ ನಮ್ಮ ಹಾಡುಗಳು. ನಿನ್ನ ಮುಖ ಹೇಗಿದೆ ಎಂದು ನಾನು ಎಷ್ಟು ಸಲ ಊಹಿಸಿಕೊಂಡಿದ್ದೆನೋ.

ಇನ್ನು ಆ ಬಂಡಿ ಹಾಡಿನ ವಿಷಯ. ಯಾವ ಹಾಡು ಕೇಳಿದರೆ ಮೈ ಉರಿಯುತ್ತದೆ ಎಂದು ಒಂದು ದಿನ ಅನ್ವರ್ ಎಲ್ಲರನ್ನೂ ಕೇಳಿದ. ನೀನು ಬರೆದದ್ದು ಇನ್ನೂ ಬಾಯಿಪಾಠವಾಗಿದೆ: "ನಮ್ಮನೇಲಿ ಒಬ್ರು ದಿನಾ ಬೆಳಿಗ್ಗೆ ಬಚ್ಚಲಲ್ಲಿ ಆ ಬಂಡಿ ಹಾಡು ಹೊಡೀತಾರೆ. ನಾಲಿಗೇಲಿ ಟಕ್ ಟಕ್ ಬೇರೆ. ನೀರು ಖಾಲಿ ಆದ್ರೂ ಎತ್ತು ನಿಲ್ಲಲ್ಲ. ನಾನು ಬಾಗಿಲು ಬಡೀತೀನಿ, ಅವರು ಇನ್ನೂ ಜೋರಾಗಿ ಓಡಿಸ್ತಾರೆ." ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಾನು ಅಲ್ಲಿಗೇ ಬಿಡಬಹುದಾಗಿತ್ತು. ಗುಂಪಿಗೆ ಒಂದು ದಂಡದ ನಿಯಮ ಮಾಡಿದೆ. ನಮ್ಮ ಗುಂಪಿನವರಲ್ಲೇ ಯಾರದೇ ಹುಟ್ಟುಹಬ್ಬಕ್ಕೆ ನಾವು ಹಾಡು ಕಳಿಸುತ್ತೇವಲ್ಲ, ಅವರು ಸಂಜೆಯೊಳಗೆ ಅದರಲ್ಲೊಂದನ್ನು ಆರಿಸಿ ಉತ್ತರ ಬರೆಯಬೇಕು. ಬರೆಯದಿದ್ದರೆ ಅವರಿಗೆ ಆಗದ ಹಾಡನ್ನು ಎಲ್ಲರೂ ಕಳಿಸುತ್ತಲೇ ಇರಬೇಕು, "ಸೋತೆ" ಎಂದು ಒಪ್ಪಿಕೊಳ್ಳುವವರೆಗೆ. ನೀನೇ ಮೊದಲು ಚಪ್ಪಾಳೆ ತಟ್ಟಿದವಳು.

ಆಯುಧಪೂಜೆ ಕಳೆದು ನಿನ್ನ ಹುಟ್ಟುಹಬ್ಬ ಬಂತು. ಎಲ್ಲರೂ ಹಾಡು ಕಳಿಸಿದೆವು. ಸಂಜೆಯಾಯಿತು, ಉತ್ತರವಿಲ್ಲ. ಅಷ್ಟು ದಿನದಿಂದ ನೀನು ಏನೂ ಬರೆದಿರಲಿಲ್ಲ ಎನ್ನುವುದು ನಮ್ಮ ತಲೆಗೇ ಹೋಗಲಿಲ್ಲ. ಮದುವೆ ಸೀಸನ್, ಕರೆಯೋಲೆಗಳ ರಾಶಿಯಲ್ಲಿ ಮುಳುಗಿದ್ದೀಯ ಅಂದುಕೊಂಡೆವು. ಮಾರನೆಯ ದಿನದಿಂದ ದಂಡ ಶುರು. ಅನ್ವರ್ ಎಲ್ಲಿಂದಲೋ ಆ ಹಾಡನ್ನೇ ಹುಡುಕಿ ತಂದು ಕಳಿಸಿದ. ಉಳಿದವರು ಬರೀ "ಟಕ್ ಟಕ್". ಒಬ್ಬರು ಎತ್ತಿನ ಚಿತ್ರ, ಒಬ್ಬರು ಪೂರ್ತಿ ಪುಟದ ತುಂಬ ಟಕ್ ಟಕ್. ಎಷ್ಟು ಖುಷಿ ನಮಗೆ. ಹಾಗೆ ಒಂದು ವಾರ ನಡೆಯಿತು. ಕೊನೆಗೆ ನಾನು ಬರೆದೆ. ಏನು ಬರೆದೆ ಗೊತ್ತಾ ಅಕ್ಕಾ? "ಏನೇ, ಸತ್ತೋದ್ಯಾ? ಉಸಿರಿದ್ರೆ ಸೋತೆ ಅನ್ನು."

ಅದಕ್ಕೂ ಉತ್ತರ ಬಾರದಾಗ ಬೈಯೋಣವೆಂದು ಫೋನ್ ಮಾಡಿದೆ. ಮಳಿಗೆಯ ಎದುರಿನ ಕಾಯಿನ್ ಬೂತಿನಿಂದ. ಎತ್ತಿದ್ದು ನಿನ್ನ ಅಮ್ಮ. "ನಳಿನಕ್ಕ ಇಲ್ವಾ ಆಂಟಿ?" ಎಂದು ನಗುತ್ತಲೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ವಿಮಾನ ಹೋಗುತ್ತಿರಬಹುದು ಅಂದುಕೊಂಡೆ, ಆದರೆ ಯಾವ ಸದ್ದೂ ಇರಲಿಲ್ಲ. ಆಮೇಲೆ, "ಅವಳು ಹೋಗ್ಬಿಟ್ಳಮ್ಮಾ. ಹಬ್ಬಕ್ ಮುಂಚೇನೇ. ಡೆಂಗ್ಯೂ ಅಂದ್ರು" ಎಂದರು. ನೀನು ಹೋಗಿ ಆಗ ಮೂರು ವಾರ ಕಳೆದಿತ್ತು. ನಾವು ನಿನ್ನನ್ನು ಎತ್ತು, ಬಂಡಿ ಎಂದು ಗೇಲಿ ಮಾಡುತ್ತಿದ್ದ ಅಷ್ಟೂ ದಿನ ನಿನ್ನ ಮನೆಯಲ್ಲಿ...

ಗುಂಪಿಗೆ ತಿಳಿಸಿದೆ. ಒಂದೇ ಸಾಲು ಬರೆದೆ, ಅದಕ್ಕಿಂತ ಹೆಚ್ಚು ಆಗಲಿಲ್ಲ. ಎಲ್ಲರೂ ಬಾಯಿ ಮುಚ್ಚಿಕೊಂಡರು. ನಿನಗೊಂದು ಶ್ರದ್ಧಾಂಜಲಿಯನ್ನೂ ಯಾರೂ ಬರೆಯಲಿಲ್ಲ. ಬರೆದರೆ ಅದರ ಕೆಳಗೇ ನಮ್ಮ ಟಕ್ ಟಕ್‌ಗಳು ಕಾಣುತ್ತಿದ್ದವಲ್ಲ. ದಿನಾ ಬೆಳಿಗ್ಗೆ ನೀನು ಹಾಕುತ್ತಿದ್ದ "ಇವತ್ತು ಯಾರ ಹುಟ್ಟುಹಬ್ಬ?" ಎಂಬ ಸಾಲು ನಿಂತುಹೋಯಿತು. ಎಷ್ಟೋ ದೊಡ್ಡ ವಿದ್ವಾಂಸರ ಹುಟ್ಟುಹಬ್ಬಗಳು ಹಾಗೇ ಕಳೆದುಹೋದವು. ಬಸ್ಸಿನಲ್ಲಿ ನಾನು ಕಿಟಕಿಯ ಪಕ್ಕ ಕೂರುವುದನ್ನು ಬಿಟ್ಟೆ. ನಿಮ್ಮ ಸ್ಟಾಪ್ ಬಂದಾಗ ಪರ್ಸಿನಲ್ಲಿ ಏನೋ ಹುಡುಕುವವಳ ಹಾಗೆ ತಲೆ ತಗ್ಗಿಸುತ್ತಿದ್ದೆ. ಆ ಮನೆಯವರು ಅದನ್ನೆಲ್ಲ ಓದಿರಬಹುದಾ? ಓದಿದ್ದರೆ ನಮ್ಮನ್ನು ಯಾವ ಜನ ಅಂದುಕೊಂಡಿರಬಹುದು? ಓದಿರಲಾರರು ಎಂದು ನನಗೆ ನಾನೇ ಹೇಳಿಕೊಂಡು ತಿಂಗಳುಗಟ್ಟಲೆ ಓಡಾಡಿದೆ.

ಯುಗಾದಿ ಕಳೆದು ಕೆಲವು ದಿನಕ್ಕೆ ಸೈಬರ್ ಕೆಫೆಯಲ್ಲಿ ಮೇಲ್ ತೆರೆದೆ. ನಿನ್ನ ಹೆಸರಿನಿಂದ ಒಂದು ಮೇಲ್ ಬಂದಿತ್ತು. ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಪಕ್ಕದಲ್ಲಿದ್ದವರು "ಏನಾಯ್ತ್ರೀ?" ಎಂದು ಕೇಳಿದರು. ತೆರೆದರೆ ಒಳಗೆ ಒಂದೇ ಸಾಲು, ಅಕ್ಷರಗಳ ಮಧ್ಯೆ ಅಲ್ಲಲ್ಲಿ ಜಾಗ ಬಿಟ್ಟು: "ಇವತ್ತು ಯಾರ ಹುಟ್ಟುಹಬ್ಬ?" ಅಷ್ಟೇ. ಬರೆದದ್ದು ನಿನ್ನ ಮನೆಯವರೇ ಎನ್ನುವುದು ನನಗೆ ತಕ್ಷಣ ಹೊಳೆಯಿತು. ಹಾಗಾದರೆ ಅವರು ಓದಿದ್ದಾರೆ. ನನ್ನ ಆ ಸಾಲನ್ನೂ ಓದಿದ್ದಾರೆ. ಗುಂಪಿನಲ್ಲಿ ಒಬ್ಬರೂ ಅದಕ್ಕೆ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಆದರೆ ಆ ವಾರದ ರಜೆಯ ದಿನ ಅದೇ ಬಸ್ಸು ಹತ್ತಿ ವಿಮಾನಪುರದಲ್ಲಿ ಇಳಿದುಬಿಟ್ಟೆ.

ಬಾಗಿಲು ತೆರೆದದ್ದು ನಿನ್ನ ಅಪ್ಪ. ಮೊದಲ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದರೇನೋ, ಫ್ಯಾಕ್ಟರಿಯ ಖಾಕಿ ಶರ್ಟಿನಲ್ಲೇ ಇದ್ದರು. "ಅಂಕಲ್, ನಾನು ವಿಜಿ ಅಂತ, ನಳಿನಕ್ಕನ ಹಾಡಿನ..." ಎನ್ನುವಷ್ಟರಲ್ಲಿ ಅವರು ಒಳಗೆ ತಿರುಗಿ, "ಲೇ ಇವಳೇ, ಟಕ್ ಟಕ್‌ನೋರು ಬಂದಿದಾರೆ ನೋಡು" ಎಂದು ನಿನ್ನ ಅಮ್ಮನನ್ನು ಕರೆದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹಾಲಿನ ಮೂಲೆಯಲ್ಲಿ ನಿನ್ನ ಕಂಪ್ಯೂಟರ್, ಅದರ ಮೇಲೆ ಕಸೂತಿ ಬಟ್ಟೆ, ಗೋಡೆಯಲ್ಲಿ ನಿನ್ನ ಫೋಟೋ. ನಾನು ಊಹಿಸಿದ ಮುಖವೇ ಅಲ್ಲ. ಕನ್ನಡಕ ಹಾಕುತ್ತಿದ್ದೆಯೆಂದು ಒಂದು ದಿನವೂ ಹೇಳಲಿಲ್ಲವಲ್ಲ? ನಾನು ಫೋಟೋ ನೋಡುತ್ತಲೇ ಮನೆಯಿಂದ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಶುರು ಮಾಡಿದೆ: "ಅಂಕಲ್, ನಮಗೆ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ಖಂಡಿತ ಹಾಗೆಲ್ಲಾ..." ಅಷ್ಟರಲ್ಲಿ ವಿಮಾನ ಬಂತು. ಅವರು ಕೈ ಎತ್ತಿ "ತಾಳಮ್ಮಾ" ಎಂದರು, ಥೇಟ್ ನಿನ್ನ ಹಾಗೆ. ಆ ಸದ್ದಿನಲ್ಲಿ ನಾನು ಅತ್ತದ್ದು ಯಾರಿಗೂ ಕೇಳಿಸಲಿಲ್ಲ.

ವಿಮಾನ ಹೋದ ಮೇಲೆ ಅವರೇ ಮಾತಾಡಿದರು. "ಸತ್ತೋದ್ಯಾ ಅಂತ ಕೇಳಿದ್ದು ನೀನೇ ಅಲ್ವಾ?"

"ಹೂಂ ಅಂಕಲ್."

"ಅದನ್ನ ಓದಿ ಉತ್ತರ ಬರೆಯೋಣ ಅಂತ ಕೂತೆ. ಅವಳು ಬರೀತಿದ್ದಿದ್ನ ಹಿಂದೆ ನಿಂತು ನೋಡಿದ್ದೆ, ಹಂಗೇ ಒಂದೊಂದೇ ಅಕ್ಷರ ಹುಡುಕಿ 'ಹೌದು' ಅಂತ ಒತ್ತಿದೆ. ಕಳಿಸೋಕೆ ಮನಸ್ಸಾಗ್ಲಿಲ್ಲ. ಅಳಿಸಿಬಿಟ್ಟೆ."

"ಯಾಕೆ ಅಂಕಲ್?"

"ಕಳಿಸಿದ್ರೆ ನೀವು ನಿಲ್ಲಿಸ್ಬಿಡ್ತಿದ್ರಲ್ಲಮ್ಮಾ." ಅವರು ಕಂಪ್ಯೂಟರಿನ ಮೇಲಿನ ಬಟ್ಟೆಯನ್ನು ಸರಿಮಾಡಿದರು. "ಇಲ್ಲಿಗೆ ಬಂದೋರೆಲ್ಲ ಮೆಲ್ಲಗೆ ಮಾತಾಡೋರು, ಚಪ್ಪಲಿ ಸದ್ದೂ ಆಗದ ಹಾಗೆ. ಅವಳ ಹೆಸರೇ ಎತ್ತೋರಲ್ಲ. ನೀವೊಬ್ರು ಮಾತ್ರ ನೋಡು, ಎಲ್ಲಿದೀಯೇ, ಬಾರೇ, ಸೋತೆ ಅನ್ನೇ ಅಂತ ಅವಳನ್ನ ಬೈತಾ ಇದ್ರಿ. ನಾನು ಡ್ಯೂಟಿಯಿಂದ ಬಂದು ಕೈಕಾಲು ತೊಳ್ಕೊಂಡು ಮೊದಲು ಅದನ್ನೇ ಓದೋದು. ಗಟ್ಟಿಯಾಗಿ ಓದ್ತಿದ್ದೆ, ಇವಳಿಗೂ ಕೇಳ್ಲಿ ಅಂತ."

ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ನಿನ್ನ ಅಮ್ಮ ಹೇಳಿದರು: "ನಿನ್ಗೆ ಫೋನಲ್ಲಿ ಹೇಳ್ಬಿಟ್ಟೆ ಅಂತ ಇವರು ನನ್ನ ಹತ್ರ ಮಾತೇ ಬಿಟ್ಟಿದ್ರು. ಹೇಳ್ದೆ ಏನಮ್ಮಾ ಮಾಡ್ಲಿ, ನೀನು ನಗ್ತಾ ಇದ್ದೆ."

ಅಕ್ಕಾ, ಬರೆದ ಒಂದು ಸಾಲಿಗೆ ತಪ್ಪಾಯಿತು ಎನ್ನಲು ಹೋಗಿದ್ದೆ ನಾನು. ಅವರ ಮನಸ್ಸಿನಲ್ಲಿ ಆ ಸಾಲಿನ ಬಗ್ಗೆ ಏನೂ ಇರಲಿಲ್ಲ. ನಾವು ಬರೆಯುವುದನ್ನು ನಿಲ್ಲಿಸಿದೆವಲ್ಲ, ಅಷ್ಟು ತಿಂಗಳು ಅವರು ಡ್ಯೂಟಿಯಿಂದ ಬಂದು ಖಾಲಿ ಮೇಲ್ ಡಬ್ಬಿ ತೆರೆದು ನೋಡಿದರಲ್ಲ, ಅದಕ್ಕೆ ಏನೆಂದು ಕ್ಷಮೆ ಕೇಳುವುದು? ನಾನು ನನ್ನ ಮುಖ ಮುಚ್ಚಿಕೊಳ್ಳುವ ಗಡಿಬಿಡಿಯಲ್ಲಿ ಅವರ ಬಾಗಿಲನ್ನೂ ಮುಚ್ಚಿಬಿಟ್ಟಿದ್ದೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

"ಒಂದು ಮಾತ್ರ ನಂಗೆ ಅರ್ಥ ಆಗ್ಲಿಲ್ಲ" ಎಂದರು ನಿನ್ನ ಅಪ್ಪ ಕಾಫಿ ಕುಡಿಯುತ್ತಾ. "ಅದು ನನ್ನ ಹಾಡು. ನಿಮಗೆಲ್ಲ ಹೆಂಗೆ ಗೊತ್ತಾಯ್ತು?" ಹೇಳಲೋ ಬೇಡವೋ ಎಂದು ಒದ್ದಾಡಿದೆ. ಆಮೇಲೆ ನೀನು ಬರೆದದ್ದನ್ನು ಇದ್ದ ಹಾಗೇ ಹೇಳಿದೆ. ಬಚ್ಚಲು, ನೀರು ಖಾಲಿಯಾದರೂ ನಿಲ್ಲದ ಎತ್ತು, ಬಾಗಿಲು ಬಡಿಯುವುದು, ಮೈ ಉರಿ, ಎಲ್ಲ. ಅವರ ಮುಖ ಹೇಗೆ ಹೇಗೋ ಆಯಿತು. ಕೆಟ್ಟೆ ಅಂದುಕೊಂಡೆ. "ಕೇಳಿದ್ಯೇನೇ" ಎಂದು ನಿನ್ನ ಅಮ್ಮನ ಕಡೆ ತಿರುಗಿದರು, "ನನ್ನ ಬಂಡಿ ಸುದ್ದೀನ ಊರಿಗೆಲ್ಲ ಹೇಳಿದಾಳೆ ನಿನ್ನ ಮಗಳು." ಹೇಳುತ್ತಾ ಹೇಳುತ್ತಾ ನಗು ಬಂತು ಅವರಿಗೆ. ನಗು ನಿಲ್ಲದೆ ಲೋಟ ಕೆಳಗಿಟ್ಟು ಕನ್ನಡಕ ತೆಗೆದು ಒರೆಸಿಕೊಂಡರು. ನೀನು ಹೋದಾಗಿನಿಂದ ಅವರು ಹಾಡಿಯೇ ಇಲ್ಲವಂತೆ, ಅಮ್ಮ ಹೇಳಿದರು.

ನಾನು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಒಳಗೆ ಬಚ್ಚಲಲ್ಲಿ ಬಕೆಟ್ಟಿಗೆ ನೀರು ಬೀಳುವ ಸದ್ದು. ಸ್ವಲ್ಪ ಹೊತ್ತು ಬರೀ ನೀರು. ಆಮೇಲೆ ಅಳುಕುತ್ತಾ ಒಂದು ಟಕ್. ಇನ್ನೊಂದು. ನಿನ್ನ ಅಮ್ಮ ಗೇಟಿನವರೆಗೆ ಬಂದವರು ನನ್ನ ಕೈ ಹಿಡಿದುಕೊಂಡು ಹಾಗೇ ನಿಂತರು. ಅಕ್ಕಾ, ನಿನ್ನ ಅಪ್ಪ ನಿಜವಾಗಿ ಬಹಳ ಕೆಟ್ಟದಾಗಿ ಹಾಡುತ್ತಾರೆ. ನೀನು ಹೇಳಿದ್ದು ಏನೂ ಹೆಚ್ಚಲ್ಲ.

ಅಂದೇ ಸೈಬರ್ ಕೆಫೆಗೆ ಹೋಗಿ ಗುಂಪಿಗೆ ಎಲ್ಲವನ್ನೂ ಬರೆದೆ. ಅನ್ವರ್ ಮಳಿಗೆಗೇ ಫೋನ್ ಮಾಡಿ "ಹಮ್ ಲೋಗಾಂ ಭೀ ಕೈಸೆ ಲೋಗಾಂ ಹೈ ಮಾ, ನಾವೂ ಎಂಥಾ ಜನ, ಒಂದ್ಸಲ ಹೋಗಿ ನೋಡ್ಲಿಲ್ಲ" ಎಂದ. ಈಗ ಪ್ರತಿ ಬೆಳಿಗ್ಗೆ ಹುಟ್ಟುಹಬ್ಬದ ಸಾಲನ್ನು ನಿನ್ನ ಅಪ್ಪನೇ ಹಾಕುತ್ತಾರೆ. ಎಷ್ಟೋ ದಿನ ತಪ್ಪು ಹೇಳುತ್ತಾರೆ, ಒಮ್ಮೆಯಂತೂ ಬದುಕಿಲ್ಲದವರಿಗೆ ನೂರು ಕಾಲ ಬಾಳಿ ಎಂದು ಹರಸಿದರು. ನಾವ್ಯಾರೂ ತಿದ್ದಲಿಲ್ಲ.

ಬರುವ ಆಯುಧಪೂಜೆ ಕಳೆದರೆ ಮತ್ತೆ ನಿನ್ನ ಹುಟ್ಟುಹಬ್ಬ. ನಾವೆಲ್ಲ ಹಾಡು ಕಳಿಸುತ್ತೇವೆ, ಸಂಜೆಯವರೆಗೆ ಕಾಯುತ್ತೇವೆ. ನಿಯಮ ಮಾಡಿದವಳು ನಾನು, ಈಗ ಅದನ್ನು ಸಡಿಲ ಮಾಡುವವಳಲ್ಲ. ನೀನು ಇನ್ನೂ ಸೋತೆ ಎಂದು ಬರೆದಿಲ್ಲ.

ಟಕ್ ಟಕ್.

ನಿನ್ನ ವಿಜಿ