ಬಾಯಿ ಮುಚ್ಚಿದ ನಾಯಿಯ ಚಿತ್ರ

ಸೆಪ್ಟೆಂಬರ್ 29, ಸೋಮವಾರ

ಪ್ರಾಣಿಗಳ ಕ್ಲಿನಿಕ್ಕಿನ ನರ್ಸ್ ಆಗಿ ಮಧ್ಯಾಹ್ನದವರೆಗಿನ ನನ್ನ ಸಾಧನೆ: ನಾಲ್ಕು ನಾಯಿಗಳ ಉಗುರು ಕತ್ತರಿಸಿದ್ದು. ಒಂದು ಬೆಕ್ಕಿನಿಂದ ಕಚ್ಚಿಸಿಕೊಂಡದ್ದು. ಬಟ್ಟೆ ಬದಲಿಸಿದ್ದು ಎರಡು ಸಲ. ಮಿಸೆಸ್ ಪೆಂಗೆಲ್ಲಿಯ ಪೂಡಲ್ ನಾಯಿಯ ಹಿಂಬದಿಯ ನಾರುವ ಗ್ರಂಥಿ ಹಿಂಡುವ ಪುಣ್ಯಕಾರ್ಯ ಎಂದಿನಂತೆ ನನ್ನ ಪಾಲಿಗೆ. ಆ ಹೊತ್ತಿಗೆ ಸರಿಯಾಗಿ ಡಾಕ್ಟರ್ ಹೆಟ್ಟಿಗೆ ಒಂದು ಮುಖ್ಯವಾದ ಫೋನ್ ಬರುತ್ತದೆ. ಆರು ವರ್ಷದಿಂದ ತಪ್ಪದೆ ಬರುತ್ತಿದೆ. ಯಾರು ಮಾಡುತ್ತಾರೋ, ಪಾಪ.

ವಸಂತ ಬಂತು, ಕೈಕಾಲು ಸ್ವಾಧೀನ ತಪ್ಪಿಸುವ ವಿಷದ ಉಣ್ಣಿಗಳ ಕಾಲ ಶುರುವಾಯಿತು. ಈ ಸಲದ ಮೊದಲ ರೋಗಿ — ಟಿಂಕರ್. ಹಿನ್ನೀರಿನಲ್ಲಿ ತಿನ್ನುವ ಸಿಂಪಿ ಬೆಳೆಯುವ ಮುದುಕ ಕ್ಲಾರಿ ಮಡ್ಜ್‌ನ ನಾಯಿ. ಇದುವರೆಗೆ ಒಬ್ಬ ಪೋಸ್ಟ್‌ಮನ್, ಇಬ್ಬರು ಪ್ಲಂಬರ್, ಒಬ್ಬ ಪಾದ್ರಿಯನ್ನು ಕಚ್ಚಿದ ಪ್ರಾಣಿ. ಭೇದಭಾವ ಇಲ್ಲ. ಇವತ್ತು ಕಚ್ಚಲೂ ಹೊರಟಿತು, ಹಿಂಗಾಲು ಮಾತ್ರ ಜೊತೆಗೆ ಬರಲಿಲ್ಲ.

"ಒಂದು ಸಿಕ್ತು ತಾಯಿ," ಅಂದ ಕ್ಲಾರಿ. "ಕಿವಿ ಹಿಂದೆ. ಮೊನ್ನೆ ಕಿತ್ತು ಹಾಕ್ದೆ. ಮುಗೀತು ಅನ್ಕೊಂಡೆ."

"ಒಂದು ಸಿಕ್ರೆ ಹುಡುಕೋದು ಶುರು ಅಂತ ಅರ್ಥ, ಕ್ಲಾರಿ. ಮುಗೀತು ಅಂತಲ್ಲ. ಎಷ್ಟು ವರ್ಷದಿಂದ ಬಡ್ಕೋತಿದೀನಿ? ಮೊದಲು ಕಾಲು, ಆಮೇಲೆ ಗಂಟಲು, ಆಮೇಲೆ ಉಸಿರು. ಇದೇನು ಊರಿಗೆ ಹೊಸದಾ?"

ಟಿಂಕರನ ಬಾಯಿಗೆ ಕುಕ್ಕೆ ಹಾಕಿದೆ. ಮೈಯೆಲ್ಲ ಬೋಳಿಸಿದೆ. ಅಂಗುಲ ಅಂಗುಲ ತಡಕಿದೆ. ನಮ್ಮ ಕ್ಲಿನಿಕ್ಕಿನ ಕ್ರಮ ಹೀಗೆ: ಕಾರ್ಡಿನ ಮೇಲೆ ನಾಯಿಯದೊಂದು ಚಿತ್ರ ಅಚ್ಚಾಗಿದೆ, ತಡಕಿದ ಜಾಗಕ್ಕೆಲ್ಲ ಗುರುತು ಹಾಕುತ್ತ ಬಂದು, ಕೊನೆಗೆ 'ಹುಡುಕಾಟ ಪೂರ್ಣ' ಎಂಬ ಸಾಲಿನ ಮುಂದೆ ಸಹಿ. ಎದೆಯಡಿ ಇನ್ನೊಂದು ಸಿಕ್ಕಿತು. ರಕ್ತ ಕುಡಿದು ದ್ರಾಕ್ಷಿಯಷ್ಟಾಗಿತ್ತು. ಚಿಮಟದಲ್ಲಿ ಕ್ಲಾರಿಯ ಮೂಗಿನ ಮುಂದೆ ಎತ್ತಿ ಹಿಡಿದೆ. ಅಷ್ಟು ಬೇಕಿರಲಿಲ್ಲವೇನೋ.

ಹೆಟ್ಟಿ ವಿಷ ಇಳಿಸುವ ಸೀರಮ್ ಕೊಟ್ಟಳು. ಈಗ ಕಾಯುವುದು.

ಅಕ್ಟೋಬರ್ 1, ಬುಧವಾರ

ಟಿಂಕರ್ ಹೋದ. ಬೆಳಿಗ್ಗೆ ಒಂಬತ್ತೂವರೆ. ಆಕ್ಸಿಜನ್ ಮಾಸ್ಕ್ ನಾನೇ ಹಿಡಿದಿದ್ದೆ.

ಕ್ಲಾರಿ ಹೊರಗೆ ಬೆಂಚಿನ ಮೇಲೆ. ಟೋಪಿ ತೊಡೆಯ ಮೇಲೆ. "ಎಲ್ಲಿ ತಪ್ಪಾಯ್ತು?" ಅಂತ ಕೇಳಿದ. ಜನ ಕೇಳುತ್ತಾರೆ, ಉತ್ತರಕ್ಕಾಗಿ ಅಲ್ಲ. ಹನ್ನೊಂದು ವರ್ಷದ ಅನುಭವ ಇರುವ ನಾನು ಉತ್ತರ ಕೊಟ್ಟೆ.

"ಮೊದಲನೇದು ಸಿಕ್ಕ ದಿನವೇ ಕರ್ಕೊಂಡು ಬಂದಿದ್ರೆ..."

"ಹೌದು," ಅಂದ. "ನಂದೇ ತಪ್ಪು."

ಕಂಬಳಿಯಲ್ಲಿ ಸುತ್ತಿ ಕೊಟ್ಟೆವು. ಗಾಡಿಯ ಹಿಂಬದಿಯಲ್ಲಿ ಇಡಲಿಲ್ಲ. ಮುಂದಿನ ಸೀಟಿನಲ್ಲಿ ಇಟ್ಟು ಬೆಲ್ಟ್ ಹಾಕಿದ.

ಅಕ್ಟೋಬರ್ 5, ಭಾನುವಾರ

ಬೇಸಿಗೆಯ ಹೊತ್ತು ಶುರು, ಗಡಿಯಾರ ಒಂದು ಗಂಟೆ ಮುಂದಕ್ಕೆ. ಸರ್ಕಾರದ ಆದೇಶ. ಡಫಲ್‌ಗೆ ಆದೇಶ ತಲುಪಿಲ್ಲ. ಹಳೇ ಹೊತ್ತಿಗೇ ತಿಂಡಿ ಕೇಳಿದ. ಡಫಲ್ ನನ್ನ ನಾಯಿ. ಒಂಬತ್ತು ವರ್ಷ. ಅರ್ಧ ಲ್ಯಾಬ್ರಡಾರ್, ಇನ್ನರ್ಧ ಸೋಫಾ.

ಅಕ್ಟೋಬರ್ 14, ಮಂಗಳವಾರ

ಪೋಸ್ಟ್ ಆಫೀಸಿನ ಹತ್ತಿರ ಕ್ಲಾರಿ ಕಂಡ. ಎಡಗೈ ಸ್ವಲ್ಪ ಹಿಂದೆ ಇಟ್ಟುಕೊಂಡು ನಡೆಯುತ್ತಿದ್ದ, ನಾಯಿಯ ಹಗ್ಗ ಹಿಡಿದವನ ಹಾಗೆ. ನನ್ನನ್ನು ನೋಡಿ ರಸ್ತೆ ದಾಟಿದ. ಆ ಕಡೆ ಇದ್ದದ್ದು ಹೆಂಗಸರ ಪಾರ್ಲರ್. ಅದರ ಕಿಟಕಿಯನ್ನೇ ತುಂಬ ಹೊತ್ತು ಗಂಭೀರವಾಗಿ ಓದಿದ.

ಈ ವಾರ ಉಣ್ಣಿ ಕೇಸು ಆರು. ಆರೂ ಉಳಿದವು. ನಾಯಿ ತಂದವರಿಗೆ ನಾನು ಕೊಡುವ ಭಾಷಣ ಇನ್ನಷ್ಟು ಉದ್ದವಾಗಿದೆ ಅಂತ ಹೆಟ್ಟಿಯ ದೂರು. ಅದಕ್ಕೆ ಈಗ "ಪಾಪ, ಕ್ಲಾರಿ ಮಡ್ಜ್ ಕಥೆ ಗೊತ್ತಲ್ಲ?" ಅನ್ನುವ ಅಧ್ಯಾಯವೂ ಸೇರಿದೆ.

ಅಕ್ಟೋಬರ್ 19, ಭಾನುವಾರ, ಬೆಳಿಗ್ಗೆ 7

ಡಫಲ್ ಅಂಗಳದ ಮ್ಯಾಗ್‌ಪೈ ಹಕ್ಕಿಗೆ ಬೊಗಳಿದ. ಬೊಗಳಿದ್ದಲ್ಲ... ಎಣ್ಣೆ ಕಾಣದ ಬಾಗಿಲಿನ ಸದ್ದು.

ಗೊತ್ತಾಯಿತು. ಗೊತ್ತಿಲ್ಲದವಳ ಹಾಗೆ ಇನ್ನೊಂದು ಸಲ ಬೊಗಳಿಸಿ ನೋಡಿದೆ. ಅದೇ ಸದ್ದು. ಮೆಟ್ಟಿಲಿಳಿಯುವಾಗ ಹಿಂಗಾಲು ಜಾರಿತು.

ಉಣ್ಣಿ ತಡೆಯುವ ತಿಂಗಳ ಮಾತ್ರೆ ಫ್ರಿಜ್‌ನ ಮೇಲೆ. ಡಬ್ಬಿ ಒಡೆದಿಲ್ಲ. ಈ ಜಿಲ್ಲೆಯ ಸಮಸ್ತ ನಾಯಿಗಳ ಮಾತ್ರೆಯ ದಿನ ನೆನಪಿಟ್ಟುಕೊಳ್ಳುವ ವೆರ್ನಾ ಮೋಫಟ್ ಅವರಿಗೆ, ಅಂದರೆ ನನಗೆ, ಅಭಿನಂದನೆಗಳು.

ಅದೇ ದಿನ, ಮಧ್ಯಾಹ್ನ

ಹೆಟ್ಟಿ ಮನೆಯ ಚಪ್ಪಲಿಯಲ್ಲೇ ಓಡಿ ಬಂದು ಕ್ಲಿನಿಕ್ ತೆರೆದಳು. ಬೋಳಿಸಿದೆವು. ಡಫಲ್ ಈಗ ಕ್ರಿಸ್‌ಮಸ್ ಊಟಕ್ಕೆ ಸಿದ್ಧವಾದ ಹಂದಿಯಂತೆ ಕಾಣುತ್ತಾನೆ. ಉಣ್ಣಿ ಕುತ್ತಿಗೆಯ ಮಡಿಕೆಯಲ್ಲಿ ಸಿಕ್ಕಿತು. ಉಳಿದ ಜಾಗವನ್ನೆಲ್ಲ ಎರಡು ಸಲ ತಡಕಿದೆ. ಕಾರ್ಡಿಗೆ ಸಹಿ ಹಾಕಿದೆ. ಸಹಿ ನನ್ನದೇ ಅಂತ ಬ್ಯಾಂಕಿನವರು ಒಪ್ಪುತ್ತಿರಲಿಲ್ಲ.

ಸೀರಮ್ ಆಯಿತು. ಸಂಜೆಯೊಳಗೆ ಸುಧಾರಿಸಬೇಕು.

ಅಕ್ಟೋಬರ್ 20, ಸೋಮವಾರ

ಸುಧಾರಿಸಲಿಲ್ಲ. ಮುಂಗಾಲೂ ಹೋಯಿತು. ಉಸಿರಿನ ಕೊನೆಯಲ್ಲಿ ಒಂದು ಗುಟುರು. ಆ ಗುಟುರು ನನಗೆ ಗೊತ್ತು.

ಹೆಟ್ಟಿ ಕೈಗವಸು ಹಾಕಿಕೊಂಡಳು. "ಮತ್ತೆ ಹುಡುಕೋಣ."

"ಹುಡುಕಾಗಿದೆ. ಕುತ್ತಿಗೆ, ಕಂಕುಳು, ಬೆರಳ ಸಂದಿ, ಬಾಲದ ಬುಡ, ಕಿವಿ ಒಳಗೆ. ಸಹಿ ಇದೆ ನೋಡು."

"ನಿನ್ನ ಸಹಿ ನೋಡಿ ಉಣ್ಣಿ ಓಡಿಹೋಗತ್ತಾ, ಮಾರಾಯ್ತಿ?"

ಮೇಲ್ದುಟಿ ಎತ್ತಿದಳು. ಹಿಂದಿನ ದವಡೆಯ ಹತ್ತಿರ, ಕೆನ್ನೆಯ ಒಳಮಡಿಕೆಯಲ್ಲಿ, ಕೂತಿತ್ತು. ಬೂದು ಬಣ್ಣ, ಕೊಬ್ಬಿದ್ದು, ನಿಶ್ಚಿಂತೆಯಾಗಿ.

"ಇಲ್ಲಿ ನೋಡಿರ್ಲಿಲ್ವಾ?"

"ಅದು ಚಿತ್ರದಲ್ಲಿ ಇಲ್ಲ," ಅಂದೆ.

ಹೆಟ್ಟಿ ನನ್ನ ಮುಖ ನೋಡಿದಳು. ನಾನು ಕಾರ್ಡು ನೋಡಿದೆ. ಕಾರ್ಡಿನ ನಾಯಿ ಪಕ್ಕಕ್ಕೆ ತಿರುಗಿ ನಿಂತಿದೆ. ಸಭ್ಯ ನಾಯಿ. ಬಾಯಿ ಮುಚ್ಚಿದೆ. ಹಳೇ ಡಾಕ್ಟರು ಯಾವ ಕಾಲದಲ್ಲೋ ಬರೆಸಿದ ಚಿತ್ರ. ಹನ್ನೊಂದು ವರ್ಷ ನಾನು ನಾಯಿಯನ್ನು ಹುಡುಕಿಲ್ಲ. ಆ ಚಿತ್ರವನ್ನು ಹುಡುಕಿದ್ದೇನೆ.

ಅಕ್ಟೋಬರ್ 21, ಮಂಗಳವಾರ

ಡಫಲ್ ನೀರು ನುಂಗಿದ. ಎರಡು ಚಮಚ. ಎರಡೂ ಒಳಗೇ ಉಳಿದವು. ಮೂತ್ರಕೋಶ ನಾಲ್ಕು ಗಂಟೆಗೊಮ್ಮೆ ಕೈಯಿಂದ ಒತ್ತಿ ಖಾಲಿ ಮಾಡಬೇಕು. ಆಗ ಅವನು ಗೋಡೆಯ ಕಡೆ ನೋಡುತ್ತಾನೆ. ನಾನೂ ಗೋಡೆಯ ಕಡೆ ನೋಡುತ್ತೇನೆ. ಒಂದೇ ಮನೆಯವರು, ಮಾನ ಕಾಪಾಡಬೇಕಲ್ಲ.

ಊಟದ ಬಿಡುವಿನಲ್ಲಿ ಟಿಂಕರನ ಕಾರ್ಡು ತೆಗೆದೆ. ತೆಗೆಯಬಾರದು ಅಂದುಕೊಂಡೇ ತೆಗೆದೆ.

ಎಲ್ಲ ಜಾಗಕ್ಕೂ ಗುರುತು. ಅಚ್ಚುಕಟ್ಟು. ಪಕ್ಕದಲ್ಲಿ ನನ್ನ ಬರಹ: 'ಕಚ್ಚುತ್ತದೆ, ಕುಕ್ಕೆ ತೆಗೆಯಬಾರದು.' ಕೆಳಗೆ: 'ಹುಡುಕಾಟ ಪೂರ್ಣ. ವಿ.ಎಂ.'

ಆ ಸಹಿಯ ಮರುದಿನವೇ ಕುಕ್ಕೆ ತೆಗೆದು ಮಾಸ್ಕ್ ಹಿಡಿದೆವು. ಟಿಂಕರ್ ಆಗ ಕಚ್ಚುವ ಸ್ಥಿತಿಯಲ್ಲಿ ಇರಲಿಲ್ಲ. ತುಟಿ ಎತ್ತಲು ಒಂದು ಬೆರಳು ಸಾಕಿತ್ತು. ಎತ್ತಲಿಲ್ಲ. ಪೂರ್ಣ ಅಂತ ಸಹಿ ಆಗಿತ್ತಲ್ಲ.

ಅಕ್ಟೋಬರ್ 25, ಶನಿವಾರ

ಡಫಲ್ ಎದ್ದು ನಿಂತ. ಬಿದ್ದ. ಮತ್ತೆ ಎದ್ದು ನಿಂತ. ಬದುಕುತ್ತಾನೆ ಅಂದಳು ಹೆಟ್ಟಿ. ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಹೊರಗೆ ಬಂದಾಗ ಒಂದು ಮೊಲದ ಯಜಮಾನ ಕೇಳಿದ, "ನಿಮಗೂ ಹುಲ್ಲಿನ ಅಲರ್ಜಿನಾ?" ಹೌದು ಅಂದೆ.

ಟಿಂಕರನ ವಿಚಾರಕ್ಕೆ ತಲೆಯೊಳಗೆ ಸಮಿತಿ ಸಭೆ. ಅಧ್ಯಕ್ಷೆ ನಾನು, ಸದಸ್ಯೆ ನಾನು. ನಿರ್ಣಯ ಒಂದು: ಆ ಬಾಯಿಯಲ್ಲಿ ಉಣ್ಣಿ ಇತ್ತು ಅನ್ನುವುದಕ್ಕೆ ಪುರಾವೆ ಇಲ್ಲ. ನಿರ್ಣಯ ಎರಡು: ಕ್ಲಾರಿ ತಡವಾಗಿ ತಂದದ್ದಂತೂ ನಿಜ. ನಿರ್ಣಯ ಮೂರು: ಮಣ್ಣಾದ ನಾಯಿಯ ಬಗ್ಗೆ ಈಗ ಹೋಗಿ ಹೇಳಿ ಮುದುಕನ ಜೀವ ಯಾಕೆ ನೋಯಿಸಬೇಕು?

ಮೂರೂ ಸರ್ವಾನುಮತದಿಂದ ಪಾಸಾದವು. ಆಮೇಲೆ ಯಾಕೋ ಸಭೆ ಮತ್ತೆ ಶುರುವಾಗುತ್ತದೆ. ನಿನ್ನೆಯಿಂದ ಇದು ಒಂಬತ್ತನೆಯದು.

ಅಕ್ಟೋಬರ್ 28, ಮಂಗಳವಾರ

ಹೆಟ್ಟಿಯ ಮುಂದೆ ಕಾರ್ಡು ಇಟ್ಟೆ. ಓದಿದಳು. ಇವತ್ತು ಮಾತ್ರ ಅವಳಿಗೆ ಫೋನ್ ಬರಲಿಲ್ಲ.

"ನನ್ನ ಸಹಿನೂ ಇದೆ," ಅಂದಳು. "ನಿನ್ನದರ ಕೆಳಗೆ. ನೀನು ಹುಡುಕಿದ್ರೆ ನಾನು ಮತ್ತೆ ನೋಡೋದೇ ಇಲ್ಲ. ಅಷ್ಟು ನಂಬಿಕೆ."

"ಇತ್ತು ಅಂತೀಯಾ?"

"ಗೊತ್ತಿಲ್ಲ, ವೆರ್ನಾ. ಇರಬಹುದು. ಇಲ್ಲದೆ ಇರಬಹುದು. ಎರಡು ಕಿತ್ತು ಸೀರಮ್ ಕೊಟ್ಟ ಮೇಲೂ ಅಷ್ಟು ಬೇಗ ಹೋದ. ಯಾಕೆ ಅಂತ ನಾನೂ ಯೋಚನೆ ಮಾಡಿದ್ದೆ." ಕಾರ್ಡು ನನ್ನ ಕಡೆ ಸರಿಸಿ, "ಕ್ಲಾರಿಗೆ ನಾನು ಹೇಳ್ಲಾ? ಡಾಕ್ಟರ್ ಹೇಳಬೇಕಾದ್ದು ಇದು."

"ನೀನೂ ಹೇಳು. ಆದ್ರೆ ಮೊದಲು ನಾನು. ತಪ್ಪು ನಿಂದು ಅಂತ ಅವನ ಮುಖಕ್ಕೆ ಹೇಳಿದ್ದು ನಾನು, ನೀನಲ್ಲ."

ಬಾಯಿ ತೆರೆದ ನಾಯಿಯ ಚಿತ್ರ ಹೊಸದಾಗಿ ಬರೆಯಲು ಕೂತಳು. ಎಂಟು ವರ್ಷ ವೈದ್ಯಕೀಯ ಓದಿದವಳು ಬರೆದದ್ದು ಹಲ್ಲುನೋವು ಬಂದ ಕುರಿಯಂತಿತ್ತು. ಇಬ್ಬರೂ ನಗಲಿಲ್ಲ.

ಅಕ್ಟೋಬರ್ 29, ಬುಧವಾರ

ಹೋದೆ. ಹಿನ್ನೀರಿನ ಅಂಚಿನ ಶೆಡ್. ಒಂದಕ್ಕೊಂದು ಅಂಟಿದ ಸಿಂಪಿಗಳನ್ನು ಕ್ಲಾರಿ ಕಬ್ಬಿಣದ ತುಂಡಿನಿಂದ ತಟ್ಟಿ ಬಿಡಿಸುತ್ತಿದ್ದ. ಡಫಲ್ ಜೊತೆಗೆ ಬಂದಿದ್ದ, ಬೋಳು ಮೈಯಲ್ಲಿ ಓಲಾಡುತ್ತ.

"ಇದೇನು, ಹಂದಿ ಸಾಕ್ತಿದೀಯಾ?" ಅಂದ. ನನ್ನ ಜೊತೆ ನಾಲ್ಕು ವಾರದಲ್ಲಿ ಆಡಿದ ಮೊದಲ ಮಾತು.

ಹೇಳಿದೆ. ದಾರಿಯಲ್ಲಿ ಚಂದದ ವಾಕ್ಯಗಳನ್ನು ತಯಾರಿಸಿಕೊಂಡಿದ್ದೆ, ಒಂದೂ ಬರಲಿಲ್ಲ. ಕುಕ್ಕೆ, ಚಿತ್ರ, ತುಟಿ, ಸಹಿ — ಸಾಮಾನಿನ ಚೀಟಿ ಓದಿದ ಹಾಗೆ. ಇತ್ತೋ ಇಲ್ಲವೋ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ, ನೋಡಬೇಕಿತ್ತು, ನೋಡಲಿಲ್ಲ.

ಕ್ಲಾರಿ ತಟ್ಟುತ್ತಲೇ ಇದ್ದ. ಒಂದು ಬುಟ್ಟಿ ತುಂಬಿತು.

"ಎಲ್ಲಿ? ತೋರಿಸು."

ಡಫಲ್‌ನ ತುಟಿ ಎತ್ತಿದೆ. ಕ್ಲಾರಿ ಕೈ ಒರೆಸಿಕೊಂಡು ಬಗ್ಗಿ, ಹೆಬ್ಬೆರಳಿನಿಂದ ಆ ಮಡಿಕೆ ತಡವಿದ. ತುಂಬ ಮೆತ್ತಗೆ. ಡಫಲ್ ಕೈ ನೆಕ್ಕಿದ. ಅವನಿಗೆ ಉಪ್ಪು ಇಷ್ಟ.

"ನಂಗೆ ಕಚ್ತಿರ್ಲಿಲ್ಲ," ಅಂದ ಕ್ಲಾರಿ. "ಹದಿಮೂರು ವರ್ಷದಲ್ಲಿ ಒಂದು ಸಲನೂ. ನಾನು ಅಲ್ಲೇ ಹೊರಗೆ ಬೆಂಚಲ್ಲಿ ಕೂತಿದ್ದೆ. ಕರೆದಿದ್ರೆ ಬಾಯಿ ತೆಗೆದು ಹಿಡ್ಕೋತಿದ್ದೆ."

ಇದು ನನಗೆ ಹೊಳೆದಿರಲಿಲ್ಲ. ಈ ಎಂಟು ದಿನ, ಅಷ್ಟೊಂದು ಸಭೆಗಳಲ್ಲಿ, ಒಂದು ಸಲವೂ ಹೊಳೆದಿರಲಿಲ್ಲ.

"ಕ್ಷಮಿಸಿ, ಕ್ಲಾರಿ."

"ಕ್ಷಮೆ ಇರಲಿ." ದನಿ ಏರಿತು. "ನಾಲ್ಕು ವಾರ, ವೆರ್ನಾ! ಕಂಡೋರಿಗೆಲ್ಲ ಹೇಳ್ಕೊಂಡು ತಿರುಗಿದೀನಿ. ನನ್ನ ಸೋಮಾರಿತನಕ್ಕೆ ನನ್ನ ನಾಯಿ ಸತ್ತೋಯ್ತು ಅಂತ. ನೀನೂ ಹೇಳಿದೀಯ, ಗೊತ್ತು ನಂಗೆ. ಅಂಗಡಿಗೆ ಹೋದ್ರೆ 'ಪಾಪ ಕ್ಲಾರಿ' ಅಂತ ಮುಖ ಮಾಡ್ತಾರೆ. ನೀನು ಇಲ್ಲಿ ಬಂದು ನಂಗೊಬ್ಬನಿಗೆ ಹೇಳಿ ಹಗುರಾಗಿ ಮನೆಗೆ ಹೋಗ್ತೀಯಾ?"

"ಮತ್ತೇನು ಮಾಡ್ಲಿ ಹೇಳಿ."

"ಶುಕ್ರವಾರ ಸಂಜೆ ಊರ ಕ್ಲಬ್ಬಿಗೆ ಬಾ. ಮಾಂಸ ಗೆಲ್ಲೋ ವಾರದ ಲಾಟರಿ ಎತ್ತೋದಕ್ಕೆ ಮುಂಚೆ ಮೈಕ್ ಕೊಡಿಸ್ತೀನಿ. ಎಲ್ಲರೂ ಇರ್ತಾರೆ. ಅಲ್ಲಿ ಹೇಳು."

"ಏನಂತ?"

"ಈಗ ಹೇಳಿದ್ಯಲ್ಲ, ಅದೇ. ನಾನು ತಡ ಮಾಡಿದ್ದನ್ನೂ ಹೇಳು, ಬಿಡಬೇಡ. ನಿಂದನ್ನೂ ಹೇಳು. ಅರ್ಧ ಅರ್ಧ."

ಮತ್ತೆ ತಟ್ಟಲು ಶುರು ಮಾಡಿದ. ಹೊರಟೆ.

ಅಕ್ಟೋಬರ್ 31, ಶುಕ್ರವಾರ, ಸಂಜೆ 5.40

ಕ್ಲಬ್ಬಿನ ಎದುರು, ಕಾರಿನೊಳಗೆ. ಮೊಣಕಾಲ ಮೇಲೆ ಡೈರಿ. ಹಿಂದಿನ ಸೀಟಿನಲ್ಲಿ ಡಫಲ್ ಗೊರಕೆ. ನಾಲ್ಕು ಗಂಟೆಗೆ ಹೆಟ್ಟಿ ಕ್ಲಾರಿಯ ಶೆಡ್ಡಿಗೆ ಹೋಗಿ ಬಂದಳು. ಕೈಯಲ್ಲಿ ಒಂದು ಚೀಲ ಸಿಂಪಿ ಇತ್ತು, ಕಣ್ಣು ಕೆಂಪಗಿತ್ತು.

ಒಳಗೆ ನೂರು ಜನ ಇದ್ದಾರೆ. ಅರ್ಧಕ್ಕರ್ಧ ಜನರ ನಾಯಿಗಳನ್ನು ನಾನು ಹಿಂಡಿದ್ದೇನೆ, ಯಜಮಾನರನ್ನು ಬೈದಿದ್ದೇನೆ. ಮಿಸೆಸ್ ಪೆಂಗೆಲ್ಲಿ ಮುಂದಿನ ಮೇಜಿನಲ್ಲೇ ಕೂತಿದ್ದಾಳೆ, ಕಿಟಕಿಯಲ್ಲಿ ಕಾಣುತ್ತಾಳೆ. ಸೋಮವಾರದಿಂದ ಯಾರೂ ತಮ್ಮ ನಾಯಿಯನ್ನು ನನ್ನ ಕೈಗೆ ಕೊಡದಿರಬಹುದು. ಕೊಡದಿದ್ದರೆ ಅದೂ ಸರಿಯೇ.

ಕ್ಲಾರಿ ಬಾಗಿಲಿಗೆ ಬಂದ. ತಲೆ ಬಾಚಿದ್ದಾನೆ. ಇಸ್ತ್ರಿ ಮಾಡಿದ ಅಂಗಿ. ಮದುವೆ ಮನೆಯ ಯಜಮಾನನ ಹಾಗೆ ಬಾಗಿಲನ್ನು ಅಗಲವಾಗಿ ತೆರೆದು ಹಿಡಿದು ನನ್ನ ಕಾರಿನ ಕಡೆಯೇ ನೋಡುತ್ತಿದ್ದಾನೆ. ಕೈಬೀಸುತ್ತಿಲ್ಲ. ಅವಸರವೂ ಇಲ್ಲ.

ಹೇಗೆ ಶುರು ಮಾಡುವುದು? ತಮಾಷೆ ಬೇಡ. ತಮಾಷೆಯಿಂದ ಶುರು ಮಾಡಿದರೆ ತಮಾಷೆಯಲ್ಲೇ ತಪ್ಪಿಸಿಕೊಂಡುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು. ನೇರವಾಗಿ: ಎಲ್ಲರಿಗೂ ನಮಸ್ಕಾರ. ನಾನು ವೆರ್ನಾ. ಟಿಂಕರ್ ಅಂತ ಒಂದು ನಾಯಿ ಇತ್ತು, ನಿಮಗೆಲ್ಲ ಗೊತ್ತು, ಅವನ ಬಾಯಿಯನ್ನು ನಾನು ತೆರೆದು ನೋಡಲಿಲ್ಲ. ಸಾಕು, ಇಳಿಯುತ್ತೇನೆ.