ಮೀನು ಬಾಯಿ ಮುಚ್ಚುವಷ್ಟು ಉದ್ದದ ಹೆಸರು

ನವೆಂಬರ್ ೨೩, ಭಾನುವಾರ

ಅತ್ತೆಗೆ ಇವತ್ತು ಸುಳ್ಳು ಹೇಳಿದೆ. ಅದೇ ಕೊರೆಯುತ್ತಿದೆ.

ಬೆಳಿಗ್ಗೆ ಮಟೌರಾ ಹೊಳೆಯಲ್ಲಿ ಮೊದಲ ಟ್ರೌಟ್ ಮೀನು ತಪ್ಪಿಸಿಕೊಂಡಿತು. ಗಾಳಕ್ಕೆ ಗರಿ ಸುತ್ತಿ ಮಾಡಿದ ಹುಸಿ ನೊಣಕ್ಕೆ ಅದು ಬಾಯಿ ಹಾಕಿದ ಕೂಡಲೇ ಕೋಲು ಎಳೆದುಬಿಟ್ಟೆ. ಗಾಳ ಹಾರಿಬಂದು ನನ್ನ ಟೋಪಿಗೇ ಸಿಕ್ಕಿಕೊಂಡಿತು.

"ಅದೇನೋ ಅವಸರ, ರೋರಿ? ಅದು ಬಾಯಿ ಮುಚ್ಲಿ ತಡಿ. ನಿಧಾನಕ್ಕೆ ಒಂದು ಹೆಸರು ಹೇಳ್ಕೊ, ಆಮೇಲೆ ಎತ್ತು," ಎಂದರು ಪಕ್ಕದಲ್ಲೇ ನೀರಲ್ಲಿ ನಿಂತಿದ್ದ ಅತ್ತೆ.

ಅತ್ತೆ ಹೇಳಿಕೊಳ್ಳುವುದು ತೀರಿಕೊಂಡ ಮಾವನ ಪೂರ್ತಿ ಹೆಸರು. ಪ್ರತಿ ಸಲವೂ ನನಗೆ ಕೇಳಿಸುತ್ತದೆ. ಕೇಳಿಸದವನಂತೆ ನಿಲ್ಲುತ್ತೇನೆ.

ನಾನು ಹೆಂಡತಿಯ ಹೆಸರು ಹೇಳಿದೆ. ಫೇ. ಎರಡನೆಯ ಮೀನೂ ಹೋಯಿತು.

ಅತ್ತೆ ನೀರಲ್ಲೇ ಬಿದ್ದುಬಿಡುವಷ್ಟು ನಕ್ಕರು. "ಅಷ್ಟು ಚಿಕ್ಕ ಹೆಸರಿಟ್ಟಿದ್ದು ನಂದೇ ತಪ್ಪು ಕಣೋ!"

ಸಂಜೆ ಕೊನೆಗೂ ಒಂದು ಸಿಕ್ಕಿತು. ಮೈತುಂಬ ಚುಕ್ಕೆ, ಏನು ಚೆಂದ! ಒದ್ದೆ ಕೈಯಲ್ಲಿ ಒಂದು ಗಳಿಗೆ ಹಿಡಿದು ನೀರಿಗೇ ಬಿಟ್ಟೆ.

"ಯಾರ ಹೆಸರು ಹೇಳ್ದೆ?"

"ನಮ್ಮಜ್ಜೀದು," ಎಂದೆ.

ಹೇಳಿದ್ದು ಅತ್ತೆಯದೇ ಹೆಸರು. ವಿಲ್ಹೆಲ್ಮಿನಾ ಜೆಸ್ಸಿ ಡ್ರಮಂಡ್. ಅದನ್ನು ಅವರೆದುರು ಒಪ್ಪಿಕೊಳ್ಳಲು ಅದೆಂಥ ನಾಚಿಕೆಯೋ!

ಆದರೆ ರಾತ್ರಿ ಊಟಕ್ಕೆ ಕುಳಿತಾಗ, ಯಾವಾಗಲೂ ಫೇ ತಟ್ಟೆಗೆ ಹೋಗುವ ಕುರಿಮಾಂಸದ ಮೆತ್ತನೆಯ ತುಂಡನ್ನು ಅತ್ತೆ ನನ್ನ ತಟ್ಟೆಗೆ ಹಾಕಿದರು. ಹೊಳೆಯಲ್ಲಿ ಅವರೂ ಕೇಳಿಸದವರಂತೆ ನಿಂತಿದ್ದರೇನೋ.