‘ಬರುವವರೇ ಇಲ್ಲ’ ಎಂದ ಆರೋಗ್ಯಾಧಿಕಾರಿಗೆ

ಮಾನ್ಯರೇ,

ನಮ್ಮ ಬೀದಿಗಳ ಹೆತ್ತವರಿಗೆ ಮಕ್ಕಳ ಆರೋಗ್ಯದ ಬಗ್ಗೆ ಕಾಳಜಿಯೇ ಇಲ್ಲ ಎಂದು ಮೊನ್ನೆ ಶಾಲೆಯ ವಾರ್ಷಿಕೋತ್ಸವದಲ್ಲಿ ಅಪ್ಪಣೆ ಕೊಡಿಸಿದಿರಿ. ಕೇಂದ್ರವಿದೆ, ವೈದ್ಯರಿದ್ದಾರೆ, ಔಷಧಿಯಿದೆ, ಬರುವವರೇ ಇಲ್ಲ ಎಂದು ಮರುಗಿದಿರಿ. ಆದ್ದರಿಂದ ಇಲ್ಲಿನ ಮಕ್ಕಳ ವೈದ್ಯರನ್ನು ಕೆರೆಯಾಚೆಯ ಹೊಸ ಬಡಾವಣೆಗೆ ಕಳಿಸುತ್ತೀರಂತೆ. ಅಲ್ಲಿನ ಮಕ್ಕಳು ಒಂದು ಸೀನು ಸೀನಿದರೂ ಕಾರಿನಲ್ಲಿ ಬಂದಿಳಿಯುತ್ತಾರಲ್ಲ! ಕಾರಿದ್ದವರಿಗೆ ವೈದ್ಯರನ್ನು ಇನ್ನಷ್ಟು ಹತ್ತಿರ ಮಾಡಿ, ನಡೆದು ಬರುವವರಿಗೆ ದೂರ ಮಾಡುವ ಈ ಜಾಣತನ ನಮ್ಮಂಥವರ ತಲೆಗೆ ಹೊಳೆಯುವಂಥದ್ದಲ್ಲ ಬಿಡಿ.

ನಾನು ಕ್ಷೌರದ ಅಂಗಡಿಯವನು. ಕಿವಿಯ ಬಳಿ ಕತ್ತರಿ ಆಡಿಸಿದರೆ ಎಂಥ ಮಗುವೂ ಹೆಗಲು ಕುಗ್ಗಿಸುತ್ತದೆ. ನನ್ನ ಮೊಮ್ಮಗಳು ಎಡಗಿವಿಯ ಬಳಿ ಕತ್ತರಿಯ ಸದ್ದಿಗೆ ಮಿಸುಕಲೇ ಇಲ್ಲ. ದಿಂಬಿನ ಮೇಲೆ ಕೀವಿನ ಕಲೆಯೂ ಇತ್ತು. ಅಂಗಡಿ ಮುಚ್ಚಿ ನಿಮ್ಮ ಕೇಂದ್ರಕ್ಕೆ ಕರೆದೊಯ್ದೆ. ವೈದ್ಯರ ಕೋಣೆಯಲ್ಲಿ ರೋಗಿಗಳೇ ಇರಲಿಲ್ಲ. ಅವರು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಆದರೆ ತಾಯಿಯ ಫೋನಿಗೆ ಬರುವ ಒಟಿಪಿ ಸಂಖ್ಯೆ ಹೇಳದೆ ಮಗುವನ್ನು ಒಳಗೆ ಬಿಡಬಾರದೆಂಬುದು ನಿಮ್ಮ ಹೊಸ ನಿಯಮ. “ನಂಬರ್ ಬೇಗ ಹೇಳಿ ಅಜ್ಜ, ಆಮೇಲೆ ನಡೆಯಲ್ಲ” ಎಂದಳು ಕೌಂಟರಿನ ಹುಡುಗಿ.

ಎಲ್ಲಿಂದ ಹೇಳಲಿ? ಮಗುವಿನ ತಾಯಿ, ಅಂದರೆ ನನ್ನ ಮಗಳು, ಹೋಟೆಲುಗಳ ಹಾಸುಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುತ್ತಾಳೆ. ಅಲ್ಲಿ ಒಳಹೋಗುವಾಗಲೇ ಎಲ್ಲರ ಫೋನನ್ನೂ ತಗಡಿನ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಾರೆ. ತಿರುಗಿ ಕೊಡುವುದು ಸಂಜೆ ಪಾಳಿ ಬಿಟ್ಟಾಗ, ಅಷ್ಟರಲ್ಲಿ ನಿಮ್ಮ ಕೇಂದ್ರಕ್ಕೂ ಬೀಗ. ಎರಡನೆಯ ಸಲ ಹೋದಾಗಲೂ ಅದೇ ಕಥೆ. ನಮ್ಮ ಬೀದಿಯ ಅರ್ಧ ತಾಯಂದಿರ ಫೋನು ಆ ಪೆಟ್ಟಿಗೆಯಲ್ಲೇ ಇರುತ್ತದೆ. ಸಂಖ್ಯೆ ಹೇಳದ ಮಗು ನಿಮ್ಮ ಲೆಕ್ಕದಲ್ಲಿ ಬಂದೇ ಇಲ್ಲ. ಬಾಗಿಲಿಗೆ ಬಂದವರನ್ನು ವಾಪಸ್ಸು ಅಟ್ಟಿ, ಯಾರೂ ಬರಲಿಲ್ಲವೆಂದು ಮೈಕಿನ ಮುಂದೆ ಮೊಸಳೆ ಕಣ್ಣೀರು ಸುರಿಸಲು ಎಷ್ಟು ಓದಿರಬೇಕು ಸ್ವಾಮೀ?

ಕೊನೆಗೆ ಮಗಳು ಮೇಸ್ತ್ರಿಯಿಂದ ಬೈಸಿಕೊಂಡು ರಜೆ ಹಾಕಿ, ಫೋನು ಹಿಡಿದು ಕೇಂದ್ರಕ್ಕೆ ಬಂದಳು. ವೈದ್ಯರು ಒಳ್ಳೆಯವರೇ. ಕಿವಿ ನೋಡಿ, “ಕಿವಿಯ ತಮಟೆ ತೂತಾಗಿದೆಯಮ್ಮ. ಮೊದಲೇ ಕರ್ಕೊಂಡು ಬರಬಾರದಿತ್ತಾ?” ಎಂದರು.

“ಬಂದಿದ್ವಿ” ಎಂದಷ್ಟೇ ಹೇಳಿದಳು ಮಗಳು.

ಆ ಕಿವಿ ಪೂರ್ತಿ ಹೋಗಬಾರದೆಂದರೆ ತಿಂಗಳುಗಟ್ಟಲೆ ಬಿಡದೆ ತೋರಿಸುತ್ತಿರಬೇಕಂತೆ. ನೋಡಬೇಕಾದ ವೈದ್ಯರನ್ನೇ ನೀವು ಕೆರೆಯಾಚೆ ಸಾಗಿಸುತ್ತಿದ್ದೀರಿ.

ವೈದ್ಯರನ್ನು ಇಲ್ಲೇ ಬಿಡಿ. ಪಾಳಿ ಬಿಟ್ಟ ಮೇಲೂ ಒಂದಿಷ್ಟು ಹೊತ್ತು ಬಾಗಿಲು ತೆರೆದಿಡಿ. ಮಗುವನ್ನು ಯಾರೇ ಕರೆತಂದರೂ ಮೊದಲು ಮಗುವನ್ನು ನೋಡಿ, ಫೋನನ್ನು ಆಮೇಲೆ ನೋಡುವಿರಂತೆ. ಇಷ್ಟಕ್ಕೊಂದು ಸಮಿತಿ ಮಾತ್ರ ನೇಮಿಸಬೇಡಿ, ದಮ್ಮಯ್ಯ.

ಅಂದ ಹಾಗೆ, ನಿಮ್ಮ ಭಾಷಣದ ನಡುವೆ ಮುಂದಿನ ಸಾಲಿನಲ್ಲಿ ಪಕ್ಕಕ್ಕೆ ತಿರುಗಿ ಕೂತಿದ್ದ ಹುಡುಗಿಯೊಬ್ಬಳನ್ನು, ಶಿಸ್ತಿಲ್ಲವೆಂದು, ನೆಟ್ಟಗೆ ಕೂರಬೇಕೆಂದು ಎಲ್ಲರೆದುರು ಗದರಿದಿರಲ್ಲ, ಅವಳೇ ನನ್ನ ಮೊಮ್ಮಗಳು. ನಿಮ್ಮ ಒಂದು ಮಾತೂ ತಪ್ಪಬಾರದೆಂದು, ಕೇಳಿಸುವ ಕಿವಿಯನ್ನು ನಿಮ್ಮ ಕಡೆಗಿಟ್ಟು ಕೂತಿದ್ದಳು.

ಇಂತಿ,
ಎರಡು ಕಿವಿಯಲ್ಲೂ ನಿಮ್ಮ ಭಾಷಣ ಕೇಳಬೇಕಾಗಿ ಬಂದ
ಒಬ್ಬ ಅಜ್ಜ